ಎರಡನೇ ಹಾಳೆ ಅವ್ವನಿಗೆ ಓದಬೇಡ

ಜಾಫ್ನಾ, ಶ್ರೀಲಂಕಾ
ನವೆಂಬರ್ 1987

ಪ್ರೀತಿಯ ಅಣ್ಣ,

ಅವ್ವನಿಗೆ ಇಷ್ಟು ಓದಿ ಹೇಳು. ಆರಾಮ ಇದ್ದೇನೆ. ಹೊಟ್ಟೆ ತುಂಬ ಊಟ ಸಿಗುತ್ತದೆ. ಇಲ್ಲೂ ಮಳೆ ಹಿಡಿದಿದೆ. ಮಣ್ಣು ಕೆಂಪು, ಎಲ್ಲಿ ನೋಡಿದರೂ ತಾಳೆಮರ.

ಇನ್ನು ಮುಂದಿನದು ನಿನಗೆ.

ಜುಲೈ 29ಕ್ಕೆ ಭಾರತ, ಶ್ರೀಲಂಕಾ ಒಪ್ಪಂದ ಆದಮೇಲೆ ನಮ್ಮವರು ಶಾಂತಿ ಕಾಯಲು ಬಂದರು. ಮೊದಮೊದಲು ಜನ ಹಾರ ಹಾಕಿದರಂತೆ. ಅಕ್ಟೋಬರ್‌ನಲ್ಲಿ ತಮಿಳು ಹುಲಿಗಳ ಜೊತೆ, ಅದೇ ಎಲ್‌ಟಿಟಿಇ ಜೊತೆ, ಯುದ್ಧವೇ ಶುರುವಾಯಿತು. ನಾನು ಬಂದದ್ದು ಆಗ. ಬಂದ ದಿನವೇ ಹವಾಲ್ದಾರ ನನ್ನ ಹೆಗಲ ನಕ್ಷತ್ರ ಬಿಚ್ಚಿಸಿ ಜೇಬಿಗೆ ಹಾಕಿಸಿದ. ಬಂದೂಕು ಹಿಡಿದು ಮರದ ಮೇಲೆ ಕೂತವನು ಮೊದಲು ಹುಡುಕುವುದು ಆಫೀಸರನ್ನು, ಆಮೇಲೆ ವೈರ್‌ಲೆಸ್ ಹೊತ್ತವನನ್ನು. ಇದ್ದದ್ದೇ ಒಂದು ನಕ್ಷತ್ರ. ಅದಕ್ಕೆ ಎಷ್ಟು ಒದ್ದಾಡಿದ್ದೆ, ನಿನಗೆ ಗೊತ್ತಲ್ವಾ!

ನನ್ನ ಕೈಕೆಳಗಿನ ಪ್ಲಟೂನ್‌ನಲ್ಲಿ 30 ಜನ, ಮಾತೆಲ್ಲ ಮರಾಠಿ. ಬೆಳಗಾವಿಯವನಿಗೆ ಮರಾಠಿ ಕಲಿಸಬೇಕೇ? ತಮಾಷೆ ಅಂದರೆ, ನನಗೆ ತಮಿಳೂ ಬರುತ್ತದೆ ಅಂತ ಹುಡುಗರು ನಂಬಿದ್ದಾರೆ. ಒಂದು ಮಗು ಅಳುತ್ತಾ 'ಪಾಲ್' ಅಂದಾಗ ಹಾಲು ಕೇಳುತ್ತಿದೆ ಅಂದಿದ್ದೆ, ಅಷ್ಟಕ್ಕೇ.

ಆ ಸಂಜೆ ಒಂದು ಓಣಿಯ ಬಾಯಲ್ಲಿ ನಿಂತಿದ್ದೆವು. ಎರಡೂ ಕಡೆ ತಾಳೆಗರಿಯ ಬೇಲಿ. ಇಲ್ಲಿ ದಾರಿಯಡಿ ಸಿಡಿಮದ್ದು ಹೂತು, ವೈರ್ ಎಳೆದು, ದೂರ ಕೂತು ಒತ್ತುತ್ತಾರೆ. "ಹಿತ್ತಿಲಿನಿಂದ ಹೋಗೋಣ ಸಾಹೇಬ, ಗೋಡೆ ಒಡೆದುಕೊಂಡು" ಅಂದ ಹವಾಲ್ದಾರ. ಅವನದು 17 ವರ್ಷದ ಸರ್ವಿಸ್. ವೈರ್‌ಲೆಸ್‌ನಲ್ಲಿ ಬೇಗ ಬನ್ನಿ ಅಂತ ಒಂದೇ ಸಮನೆ ಕೂಗು. ಕತ್ತಲಾಗುತ್ತಿತ್ತು. ನಾನು ಓಣಿ ಅಂದೆ.

ನಲವತ್ತು ಹೆಜ್ಜೆ ಹೋಗಿರಬಹುದು. ಸದ್ದು ಕೇಳಿದ ನೆನಪಿಲ್ಲ. ಬಾಯಿ ತುಂಬ ಮಣ್ಣು. ಮುಂದಿದ್ದ ಹುಡುಗನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವನು ಕೇಳಿದ್ದು, "ಸಾಹೇಬ, ನನ್ನ ರೈಫಲ್ ಎಲ್ಲಿ?"

ಸ್ಟ್ರೆಚರ್ ಹಿಂದೆಲ್ಲೋ ಉಳಿದಿತ್ತು. ಪಕ್ಕದ ಮನೆಯ ಬಾಗಿಲು ಕೀಳಲು ಹೋದೆವು. ಒಳಗಿದ್ದ ಮುದುಕಿ ಬಾಗಿಲಿಗೆ ಜೋತುಬಿದ್ದು "ವೇಂಡಾಂ, ವೇಂಡಾಂ" ಅಂದಳು. ಹುಡುಗರು ನನ್ನ ಮುಖ ನೋಡಿದರು. ತಮಿಳು ಬಲ್ಲ ಸಾಹೇಬ ನಾನೇ ಅಲ್ವಾ. ಬೇಡ ಅನ್ನುತ್ತಿದ್ದಾಳೆ ಅಂತ ಗೊತ್ತಾಗಿತ್ತು. ಕೀಳಿ ಅಂದೆ. ಬಾಗಿಲ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು, ಅಜ್ಜನ ಮನೆಯ ತಲೆಬಾಗಿಲಿನ ಹಾಗೆ. ಅದರ ಮೇಲೆಯೇ ಅವನನ್ನು ಮಲಗಿಸಿದೆವು.

ಹವಾಲ್ದಾರ ಈವರೆಗೆ ಆ ಮಾತು ಎತ್ತಿಲ್ಲ. ಮಾರನೇ ದಿನ "ಯಾವ ಕಡೆ ಸಾಹೇಬ?" ಅಂತ ಕೇಳಿದ, ಮೊದಲಿನ ದನಿಯಲ್ಲೇ. ಹಿತ್ತಿಲು ಅಂದೆ. ಗುಂಡಿನ ಹೆದರಿಕೆ ವಾರದೊಳಗೆ ರೂಢಿಯಾಗುತ್ತದೆ, ಅಣ್ಣ. 29 ಜನ ಬಾಯಿ ಮುಚ್ಚಿಕೊಂಡು ನನ್ನ ಬಾಯಿ ನೋಡುತ್ತಾ ನಿಲ್ಲುವುದು ಇನ್ನೂ ರೂಢಿಯಾಗಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ಹುಡುಗ ಈಗ ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ. ನಮ್ಮೂರಿನ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನಲ್ಲೇ ತಯಾರಾದವನು. ನಾವು ಸೈಕಲ್ ಮೇಲೆ ಹೋಗುವಾಗ ಕ್ಯಾಂಪ್‌ನಲ್ಲಿ ರಂಗರೂಟರು ಓಡುತ್ತಿದ್ದರಲ್ಲ, ಅಂಥವರಲ್ಲಿ ಒಬ್ಬ. ರಜೆ ಸಿಕ್ಕ ಭಾನುವಾರ ಖಡೇಬಜಾರಿಗೆ ಹೋಗಿ ಕುಂದಾ ತಿನ್ನುತ್ತಿದ್ದನಂತೆ. ಅರ್ಧ ಕಿಲೋ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಹೋಗಿ ಬಾ. ಕಾಲಿನ ವಿಷಯ ನೀನಾಗಿ ತೆಗೆಯಬೇಡ, ಸುಮ್ನೆ ಪಕ್ಕದಲ್ಲಿ ಕೂತುಕೋ. ನನ್ನ ಬಗ್ಗೆ ಅವನು ಏನಾದರೂ ಅಂದರೆ, ಹೇಗಂದನೋ ಹಾಗೇ ಬರೆ.

ನಿನ್ನ ತಮ್ಮ