ಭಾನುವಾರ ಖಾಲಿ ಶಾಲೆಯಲ್ಲಿ ಓಡುವ ಮೀಟರ್: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಶಾಲೆ ಶುರುವಾದ ಗಡಿಬಿಡಿ ಒಂದು ಹಂತಕ್ಕೆ ಬಂದಿದೆ. ಈ ವರ್ಷ ನಮ್ಮ ಕಟ್ಟಡದಲ್ಲಿ ನೀರು ಮತ್ತು ಕರೆಂಟ್ ಬಳಸುವ ರೀತಿಯನ್ನು ಬದಲಾಯಿಸುತ್ತಿದ್ದೇವೆ. ಮಕ್ಕಳ ಬಾಯಲ್ಲಿ ಅರ್ಧಂಬರ್ಧ ಕೇಳಿರುತ್ತೀರಿ. "ಟಾಯ್ಲೆಟ್ ಟ್ಯಾಂಕಿಗೆ ಬೀಟ್‌ರೂಟ್ ನೀರು ಹಾಕಿದೆವು ಅಂತಾಳೆ, ಏನದು ಮಿಸ್?" ಅಂತ ಒಬ್ಬ ತಾಯಿ ಫೋನ್ ಮಾಡಿ ಕೇಳಿದರು. ಅದಕ್ಕೇ ಪೂರ್ತಿ ವಿಷಯ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಕೊನೆವರೆಗೂ ಓದಿ.

ಮೊದಲು ಮೀಟರಿನ ವಿಷಯ. ಶನಿವಾರ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಗೇಟ್ ಹಾಕುವ ಮುಂಚೆ ಬೆಸ್ಕಾಂ ಮೀಟರಿನ ರೀಡಿಂಗ್ ಬರೆದಿಡುತ್ತೇವೆ. ಸೋಮವಾರ ಮೊದಲ ಬೆಲ್ ಹೊಡೆಯುವ ಮುಂಚೆ ಮತ್ತೆ ಬರೆದುಕೊಳ್ಳುತ್ತೇವೆ. ನಡುವೆ ಶಾಲೆಯಲ್ಲಿ ಇರುವುದು ವಾಚ್‌ಮನ್ ಒಬ್ಬರೇ, ಅಲ್ವಾ? ಅವರ ಒಂದು ಬಲ್ಬು, ಒಂದು ಫ್ಯಾನಿಗೆ ಎಷ್ಟು ಯೂನಿಟ್ ಬೇಕೋ ಅಷ್ಟೇ ಓಡಬೇಕು. ಆದರೆ ಮೀಟರ್ ಅದಕ್ಕಿಂತ ತುಂಬಾ ಜಾಸ್ತಿ ಓಡಿರುತ್ತದೆ. ಹುಡುಕುತ್ತಾ ಹೋದರೆ ಕುಡಿಯುವ ನೀರಿನ ಕೂಲರ್ ಭಾನುವಾರವೆಲ್ಲ ಯಾರೂ ಕುಡಿಯದ ನೀರನ್ನು ತಣ್ಣಗೆ ಮಾಡುತ್ತಾ ಕೂತಿರುತ್ತದೆ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಆನ್ ಇರುತ್ತದೆ. ಸ್ಮಾರ್ಟ್ ಬೋರ್ಡುಗಳ ಕೆಂಪು ದೀಪ ಉರಿಯುತ್ತಿರುತ್ತದೆ. ಒಂದೊಂದೂ ಸಣ್ಣದೇ, ಆದರೆ ರಾತ್ರಿ, ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಎಲ್ಲ ಸೇರಿಸಿ ನೋಡಿ, ವರ್ಷದಲ್ಲಿ ಶಾಲೆ ತೆರೆದಿರುವ ಗಂಟೆಗಳಿಗಿಂತ ಮುಚ್ಚಿರುವ ಗಂಟೆಗಳೇ ಎಷ್ಟೋ ಪಾಲು ಹೆಚ್ಚು. ಇದಕ್ಕೆ ದೊಡ್ಡ ಖರ್ಚು ಏನೂ ಬೇಡ. ಕೂಲರಿಗೆ ಒಂದು ಟೈಮರ್ ಸ್ವಿಚ್ ಹಾಕಿಸಿದ್ದೇವೆ. ಲ್ಯಾಬಿನ ಮೇನ್ ಆಫ್ ಮಾಡುವ ಜವಾಬ್ದಾರಿಯನ್ನು ಒಬ್ಬ ಶಿಕ್ಷಕರಿಗೆ ಕೊಟ್ಟಿದ್ದೇವೆ.

ನೀರಿಗೆ ಇದೇ ಲೆಕ್ಕ ಸ್ವಲ್ಪ ಕಷ್ಟ. ಕಾವೇರಿ ನೀರು ಬಂದಾಗ ಸಂಪ್ ತುಂಬುತ್ತದೆ, ಹಾಗಾಗಿ ನೀರಿನ ಮೀಟರ್ ನೋಡಿದರೆ ಸೋರಿಕೆ ಗೊತ್ತಾಗುವುದಿಲ್ಲ. ಅದಕ್ಕೆ ಮೇಲಿನ ಟ್ಯಾಂಕಿನ ಒಳಗೆ ಬಿದಿರು ಕೋಲು ಇಳಿಸಿ, ಒದ್ದೆಯಾದ ಜಾಗಕ್ಕೆ ಶನಿವಾರ ಒಂದು ಗುರುತು, ಸೋಮವಾರ ಇನ್ನೊಂದು ಗುರುತು ಹಾಕುತ್ತೇವೆ. ಮಟ್ಟ ಇಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಬೀಟ್‌ರೂಟ್ ಬಂದಿದ್ದು ಇಲ್ಲೇ. ಫ್ಲಶ್ ಟ್ಯಾಂಕಿಗೆ ಒಂದು ಲೋಟ ಬೀಟ್‌ರೂಟ್ ನೀರು ಹಾಕಿ, ಫ್ಲಶ್ ಮಾಡದೆ ಹದಿನೈದು ನಿಮಿಷ ಬಿಟ್ಟು ನೋಡಬೇಕು. ಒಳಗಿನ ರಬ್ಬರ್ ವಾಷರ್ ಸವೆದಿದ್ದರೆ ಕಮೋಡಿನ ಬಿಳಿ ಗೋಡೆ ಮೇಲೆ ಸಣ್ಣಗೆ, ದಾರದಷ್ಟು, ಗುಲಾಬಿ ಬಣ್ಣ ಇಳಿಯುತ್ತದೆ. ಬಣ್ಣ ಹಾಕದಿದ್ದರೆ ಈ ಸೋರಿಕೆಗೆ ಸದ್ದೂ ಇರುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಮಕ್ಕಳು ಗ್ಲೌಸ್ ಹಾಕಿಕೊಂಡು, ಆಯಾ ಜೊತೆಗಿದ್ದೇ ಇದನ್ನು ಮಾಡಿದ್ದು, ಗಾಬರಿ ಬೇಡ. ಅವತ್ತು ಏಳನೇ ಕ್ಲಾಸಿನವರು ಕೂತು ಹನಿ ಲೆಕ್ಕವನ್ನೂ ಹಾಕಿದರು: ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂದುಕೊಂಡರೂ ನಾಲ್ಕು ಲೀಟರಿಗೂ ಹೆಚ್ಚು. ಒಂದೇ ನಲ್ಲಿಯಿಂದ!

2024ರ ಬೇಸಿಗೆ ನಿಮಗೆ ಮರೆತಿರುವುದಿಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ದಿನಗಟ್ಟಲೆ ಕಾದು, ಬಕೆಟ್ ಲೆಕ್ಕದಲ್ಲಿ ಬದುಕಿದ್ದೆವು. ಆ ಮಾರ್ಚ್‌ನಲ್ಲೇ ಬೆಂಗಳೂರು ಜಲಮಂಡಳಿ ಹೋಟೆಲ್, ಮಾಲ್, ಕಚೇರಿಯಂಥ ಕಡೆ ನಲ್ಲಿಗಳಿಗೆ ಏರೇಟರ್ (ನಲ್ಲಿಯ ಬಾಯಿಗೆ ಹಾಕುವ ಸಣ್ಣ ಜಾಲರಿ) ಕಡ್ಡಾಯ ಮಾಡಿತು. ಸಾಮಾನ್ಯ ನಲ್ಲಿಯಲ್ಲಿ ನಿಮಿಷಕ್ಕೆ 10 ಲೀಟರಿಗೂ ಜಾಸ್ತಿ ನೀರು ಬರುತ್ತದೆ. ಏರೇಟರ್ ಹಾಕಿದರೆ ನೀರಿನ ಜೊತೆ ಗಾಳಿ ಸೇರಿ 3ರಿಂದ 5 ಲೀಟರಿಗೆ ಇಳಿಯುತ್ತದೆ, ಕೈ ತೊಳೆಯಲು ಧಾರಾಳ ಸಾಕು. ಬಾಟಲಿ ತುಂಬುವ, ಬಕೆಟ್ ತುಂಬುವ ನಲ್ಲಿಗಳಿಗೆ ಹಾಕಿಲ್ಲ, ಅಲ್ಲಿ ಹಾಕಿದರೆ ಕಾಯುವುದೊಂದೇ ಲಾಭ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಉಳಿತಾಯ ಅಂತ ಮಕ್ಕಳ ಕುಡಿಯುವ ನೀರಾಗಲಿ, ಸೋಪು ಹಚ್ಚಿ ಕೈ ತೊಳೆಯುವುದಾಗಲಿ, ಟಾಯ್ಲೆಟ್ ತೊಳೆಯುವುದಾಗಲಿ ಒಂದು ಲೋಟವೂ ಕಡಿಮೆ ಆಗುವುದಿಲ್ಲ. ಟಾಯ್ಲೆಟ್ ಚೊಕ್ಕಟವಾಗಿಲ್ಲದಿದ್ದರೆ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ, ತಲೆನೋವು, ಉರಿಮೂತ್ರ ಅಂತ ಒದ್ದಾಡುತ್ತಾರೆ. ಅಂಥ ಉಳಿತಾಯ ನಮಗೆ ಬೇಡವೇ ಬೇಡ. ಸೋರುವ ನೀರನ್ನು ನಿಲ್ಲಿಸುತ್ತಿರುವುದೇ ಬೇಕಾದ ಕಡೆ ನಿಶ್ಚಿಂತೆಯಿಂದ ಬಳಸಬೇಕು ಅಂತ.

ನೀರು ಉಳಿಸಿದರೆ ಕರೆಂಟೂ ಉಳಿಯುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿ ದಾಟಿ, ಹಂತಹಂತವಾಗಿ ಪಂಪ್ ಆಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ. ಒಂಬತ್ತನೇ ತರಗತಿಯ ವಿಜ್ಞಾನದ ಲೆಕ್ಕ ಹಾಕಿಸಿದೆವು: ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಪಂಪಿನಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೂ 1.36 ಯೂನಿಟ್ ಬೇಕು. ನಿಜದಲ್ಲಿ ಇನ್ನೂ ಜಾಸ್ತಿ. ಆಮೇಲೆ ಸಂಪಿನಿಂದ ಟ್ಯಾಂಕಿಗೆ ಏರಿಸಲು ನಮ್ಮ ಮೋಟರಿನ ಖರ್ಚು ಬೇರೆ. ಟ್ಯಾಂಕ್ ತುಂಬಿ ಹರಿಯುವಾಗ ಎರಡೂ ಒಟ್ಟಿಗೆ ಚರಂಡಿಗೆ ಹೋಗುತ್ತವೆ.

ಈಗ ಎಸಿ ವಿಷಯ. ಕೆಲವರು ಕ್ಲಾಸ್‌ರೂಮಿಗೆ ಎಸಿ ಹಾಕಿಸಿ, ಬೇಕಾದರೆ ಫೀಸಿನ ಜೊತೆ ಸ್ವಲ್ಪ ಸೇರಿಸಿ ಅಂತ ಕೇಳಿದ್ದೀರಿ. ಮಗು ಬೆವರಿಕೊಂಡು ಮನೆಗೆ ಬಂದರೆ ಹೆತ್ತವರಿಗೆ ಬೇಜಾರಾಗುವುದು ಸಹಜ. ಆದರೂ ನನ್ನ ಉತ್ತರ ಬೇಡ ಅಂತಲೇ. ನಲವತ್ತು ಮಕ್ಕಳ ಕೋಣೆಗೆ ಒಂದೂವರೆ ಟನ್ನಿನ ಎರಡು ಎಸಿ ಬೇಕಾಗುತ್ತದೆ. ಕಂಪ್ರೆಸರ್ ಪೂರ್ತಿ ಓಡುವಾಗ ಎರಡೂ ಸೇರಿ ಸುಮಾರು 3,000 ವ್ಯಾಟ್. ಅಷ್ಟರಲ್ಲಿ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ, 30 ವ್ಯಾಟಿನ ನೂರು ಬಿಎಲ್‌ಡಿಸಿ ಫ್ಯಾನ್ ತಿರುಗುತ್ತವೆ, ಅಂದರೆ ಒಂದು ಇಡೀ ಶಾಲೆಯೇ! ಅದೂ ಅಲ್ಲದೆ ಎಸಿಗೆ ಕಿಟಕಿ ಮುಚ್ಚಬೇಕು. ಅಷ್ಟು ಮಕ್ಕಳು ಉಸಿರಾಡುವ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ.

ನಮ್ಮಲ್ಲಿ ನಿಜವಾಗಿ ಸೆಖೆ ಇರುವುದು ಮೇಲಿನ ಮಹಡಿಯಲ್ಲಿ ಮಾತ್ರ, ಅದಕ್ಕೆ ಕಾರಣ ಬಿಸಿಲಿಗೆ ಕಾದ ತಾರಸಿ. ಅಲ್ಲಿಗೆ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ ಬಳಿಸುತ್ತಿದ್ದೇವೆ. ಅಹಮದಾಬಾದಿನಂಥ ಊರಲ್ಲೇ ಬಡವರ ಮನೆಗಳಿಗೆ ಇದನ್ನು ಮಾಡಿದ್ದಾರೆ, ತೆಲಂಗಾಣ 2023ರಲ್ಲಿ ಇದಕ್ಕೆ ಅಂತಲೇ ನೀತಿ ತಂದಿತು. ನಮ್ಮ ಹವೆಗೆ ಬಿಳಿ ತಾರಸಿ, ತೆರೆದ ಕಿಟಕಿ, ಒಳ್ಳೆ ಫ್ಯಾನ್ ಸಾಕು ಅಂತ ನನ್ನ ಗಟ್ಟಿ ನಂಬಿಕೆ. ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ಎಸಿ ಇರುತ್ತದೆ, 24 ಡಿಗ್ರಿಗೆ ನಿಲ್ಲಿಸಿದ್ದೇವೆ.

ಹಳೇ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್ ಬೇಕು. ನೂರು ಫ್ಯಾನ್ ಬದಲಾಯಿಸಿ ಆ 30 ವ್ಯಾಟಿನವನ್ನು ಹಾಕಿದರೆ, ದಿನಕ್ಕೆ ಆರು ಗಂಟೆಯಂತೆ, 200 ದಿನಕ್ಕೆ 5,400 ಯೂನಿಟ್ ಉಳಿಯುತ್ತದೆ. ಒಂದೇ ಸಲ ಎಲ್ಲ ಬದಲಾಯಿಸಲು ದುಡ್ಡಿಲ್ಲ. ಕೆಟ್ಟಾಗ ರಿವೈಂಡಿಂಗ್ ಮಾಡಿಸದೆ ಹೊಸದು ಹಾಕುತ್ತಾ ಹೋಗುತ್ತೇವೆ. ಹತ್ತನೇ ತರಗತಿ ಮುಗಿಸಿ ಹೋಗುವ ಮಕ್ಕಳ ಪೋಷಕರು ಪ್ರತಿ ವರ್ಷ ಶಾಲೆಗೆ ನೆನಪಿನ ಕಾಣಿಕೆ ಕೊಡುತ್ತೀರಿ. ಈ ಸಲ ಗೋಡೆ ಗಡಿಯಾರ ಬೇಡ, ಒಂದು ಫ್ಯಾನ್ ಕೊಡಿ.

ಮಳೆ ನೀರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರ ಮೀಟರ್ ತಾರಸಿ ಮೇಲೆ ಅದು 9.7 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಹೋಯಿತು ಅಂದರೂ 6,000 ಲೀಟರಿನ ನೂರಕ್ಕೂ ಹೆಚ್ಚು ಟ್ಯಾಂಕರ್. ಮಳೆ ಕೊಯ್ಲಿನ ಪೈಪು ಎಷ್ಟೋ ಕಟ್ಟಡಗಳಲ್ಲಿ ಇದೆ, ಆದರೆ ಫಿಲ್ಟರ್ ತುಂಬಾ ಒಣಗಿದ ಎಲೆ. ನಮ್ಮದರ ಜಲ್ಲಿ ಎತ್ತಿ ತೊಳೆಸಿದ್ದೇವೆ.

ನಿಮ್ಮಲ್ಲಿ ಹೋಟೆಲ್, ಪಿಜಿ, ಕ್ಲಿನಿಕ್, ಕಲ್ಯಾಣ ಮಂಟಪ ನಡೆಸುವವರಿದ್ದೀರಿ, ಆಫೀಸುಗಳಲ್ಲಿ ಕಟ್ಟಡ ನೋಡಿಕೊಳ್ಳುವವರೂ ಇದ್ದೀರಿ. ಬಾಗಿಲು ಹಾಕಿದ ಹೊತ್ತಿನ ರೀಡಿಂಗ್ ಒಂದು ಸಲ ತೆಗೆದು ನೋಡಿ, ನಮಗೂ ಹೇಳಿ. ಮಕ್ಕಳು ಮನೆ ಮೀಟರ್ ಬರೆದುಕೊಳ್ಳಲು ಬಂದರೆ ಬೈಯಬೇಡಿ, ಅದು ಅವರ ಗಣಿತದ ಹೋಂವರ್ಕ್.

ಪ್ಲಂಬಿಂಗ್, ವೈರಿಂಗ್ ಕೆಲಸ ಬಲ್ಲ ಪೋಷಕರು ಬರುವ ಶನಿವಾರ ಕ್ಲಾಸ್ ಬಿಟ್ಟ ಮೇಲೆ ಶಾಲೆಗೆ ಬಂದರೆ ದೊಡ್ಡ ಉಪಕಾರ. ಮೂರನೇ ಮಹಡಿಯ ಎರಡು ಫ್ಲಶ್ ಟ್ಯಾಂಕ್ ಇನ್ನೂ ಸೋರುತ್ತಿವೆ, ವಾಷರ್ ತಂದಿಟ್ಟಿದ್ದೇವೆ. ಬರುವವರು ಡೈರಿಯಲ್ಲಿ ಹೆಸರು ಬರೆದು ಶುಕ್ರವಾರದೊಳಗೆ ಮಗುವಿನ ಕೈಲಿ ಕಳಿಸಿ. ಊಟ ಶಾಲೆಯಲ್ಲೇ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ