ಗ್ಲ್ಯಾಡ್‌ಸ್ಟನ್ಸ್ ಲ್ಯಾಂಡ್: ಬೀದಿಗೆ ಮುಂದೆ ಬಂದ ಮನೆ

ಪ್ರಿಯ ರಘು,

ಸ್ಕಾಟ್‌ಲೆಂಡಿನ ಎಡಿನ್‌ಬರೋ ಕೋಟೆ ಬಗ್ಗೆ ಬರಿ ಅಂದಿದ್ದೆ. ಕೋಟೆ ಹೇಗೂ ಎಲ್ಲರ ಫೋಟೋದಲ್ಲೂ ಇರುತ್ತದೆ, ಬಿಡು. ಮನೆ ಕಟ್ಟಿಸುವ ಉಸಾಬರಿಯಲ್ಲಿ ಬಿದ್ದಿರುವ ನಿನಗೆ, ಕೋಟೆಯಿಂದ ಇಳಿದು ಬರುವ ದಾರಿಯಲ್ಲಿ ಲಾನ್‌ಮಾರ್ಕೆಟ್ ಎಂಬ ಬೀದಿಯಲ್ಲಿರುವ ಒಂದು ಹಳೆಯ ವಠಾರದ ಬಗ್ಗೆ ಹೇಳುತ್ತೇನೆ. ಆರು ಅಂತಸ್ತು. ಹೆಸರು ಗ್ಲ್ಯಾಡ್‌ಸ್ಟನ್ಸ್ ಲ್ಯಾಂಡ್.

ಮೊದಲು ಜಾಗದ ಕಷ್ಟ ಕೇಳು. ಹಳೆಯ ಊರು ಇರುವುದೇ ಒಂದು ಉದ್ದನೆಯ ದಿಬ್ಬದ ಮೇಲೆ. ಮೇಲ್ತುದಿಯಲ್ಲಿ ಕೋಟೆ, ಕೆಳತುದಿಯಲ್ಲಿ ಹೋಲಿರೂಡ್ ಅರಮನೆ, ನಡುವೆ ಒಂದೇ ದೊಡ್ಡ ಬೀದಿ. ಎರಡೂ ಪಕ್ಕ ಇಳಿಜಾರು. ಸೈಟುಗಳು ಅಗಲ ಕಮ್ಮಿ, ಉದ್ದ ಜಾಸ್ತಿ. 16ನೇ ಶತಮಾನದಲ್ಲಿ ಊರಿನ ರಕ್ಷಣೆಗೆ ಗೋಡೆಯೂ ಎದ್ದಿತು. ಜನ ಹೆಚ್ಚಿದಂತೆ ಮನೆಗಳು ಮೇಲಕ್ಕೇ ಬೆಳೆದವು.

ಈ ಮನೆ 1550ರ ಸುಮಾರಿನದು. 1617ರಲ್ಲಿ ಥಾಮಸ್ ಗ್ಲೆಡ್‌ಸ್ಟೇನ್ಸ್ ಎಂಬ ವ್ಯಾಪಾರಿ, ಹೆಂಡತಿ ಬೆಸ್ಸಿ ಕನಿಂಗ್‌ಹ್ಯಾಮ್ ಜೊತೆಗೂಡಿ ಇದನ್ನು ಕೊಂಡ. ಪೂರ್ತಿ ಕೆಡವಿ ಹೊಸದಾಗಿ ಕಟ್ಟಲಿಲ್ಲ. ಹಳೆಯ ಮನೆಯ ಮುಂದೆ, ಬೀದಿಯ ಕಡೆಗೇ, ಇನ್ನೊಂದಿಷ್ಟು ಕೋಣೆಗಳನ್ನು ಎಬ್ಬಿಸಿದ. ಹಳೆಯ ಮುಂಗೋಡೆ ಮನೆಯೊಳಗಿನ ಗೋಡೆಯಾಯಿತು! ನಿನಗೆ ಸೆಟ್‌ಬ್ಯಾಕ್ ಬಿಡು ಅಂತ ಕಾಡುತ್ತಿದ್ದಾರೆ, ಅಲ್ವಾ? ಇವನು ಉಲ್ಟಾ. ಈಗಿನ ಕಾಲವಾಗಿದ್ದರೆ ಒತ್ತುವರಿ ಅಂತ ನೋಟೀಸು ಬರುತ್ತಿತ್ತು.

ಆದರೆ ಕೆಲಸ ಮಾತ್ರ ಅಚ್ಚುಕಟ್ಟು. ನೆಲಮಟ್ಟದಲ್ಲಿ ಕಲ್ಲಿನ ಕಮಾನುಗಳು, ಅವುಗಳ ಹಿಂದೆ ಅಂಗಡಿ. ಮಳೆ ಬಂದರೂ ಗಿರಾಕಿ ಒದ್ದೆಯಾಗದೆ ನಿಂತು ಚೌಕಾಶಿ ಮಾಡಬಹುದು. ಪಕ್ಕದಲ್ಲಿ ಬೀದಿಯಿಂದಲೇ ಮೇಲೇರುವ ಕಲ್ಲಿನ ಮೆಟ್ಟಿಲು. ಕಿಟಕಿಗಳನ್ನು ನೋಡು: ಮೇಲಿನ ಅರ್ಧಕ್ಕೆ ಮಾತ್ರ ಸೀಸದ ಪಟ್ಟಿಯಲ್ಲಿ ಕೂರಿಸಿದ ಗಾಜಿನ ತುಂಡುಗಳು, ಕೆಳಗಿನ ಅರ್ಧಕ್ಕೆ ಮರದ ಬಾಗಿಲು. ಗಾಜು ದುಬಾರಿ. ಬೆಳಕು ಮೇಲಿನಿಂದ, ಗಾಳಿ ಕೆಳಗಿನಿಂದ. ಇದಕ್ಕಿಂತ ಜಾಣತನ ಬೇಕಾ?

ಒಳಗೆ ಹೋದರೆ ತಲೆ ಎತ್ತಲೇಬೇಕು. ಮರದ ತೊಲೆಗಳು, ತೊಲೆಗಳ ಮೇಲೆ ಹಾಸಿದ ಹಲಗೆಗಳು, ಎಲ್ಲದರ ಮೇಲೂ ಚಿತ್ರ. ಹೂವು, ಹಣ್ಣು, ಬಳ್ಳಿ. ಅಂಟಿನ ನೀರಿನಲ್ಲಿ ಕಲಸಿದ ಬಣ್ಣವನ್ನು ನೇರ ಮರದ ಮೇಲೇ ಹಚ್ಚಿದ್ದಾರೆ. 1620ರ ಕೆಲಸವಿದು. ಮುಂದೆ ಬಂದವರಿಗೆ ಹಳೇ ಫ್ಯಾಷನ್ ಅನ್ನಿಸಿರಬೇಕು, ಅಡಿಯಲ್ಲಿ ಗಾರೆ ಹೊಡೆದು ಮುಚ್ಚಿಬಿಟ್ಟರು. 1930ರ ದಶಕದ ರಿಪೇರಿಯಲ್ಲಿ ಅದು ಮತ್ತೆ ಬೆಳಕಿಗೆ ಬಂತು. ಈಚೆಗೆ ಬಳಿದ ಗೋಡೆಗಳಿಗಿಂತ ಈ ಮಾಸಿದ ಹಲಗೆಗಳೇ ನನಗೆ ಇಷ್ಟ.

ಗ್ಲೆಡ್‌ಸ್ಟೇನ್ಸ್ ಮನೆಯನ್ನೆಲ್ಲ ತಾನೇ ಇಟ್ಟುಕೊಳ್ಳಲಿಲ್ಲ, ಬಾಡಿಗೆಗೂ ಬಿಟ್ಟ. ಒಬ್ಬ ಪಾದ್ರಿ, ಒಬ್ಬ ಅಂಗಡಿಯವನು, ಒಬ್ಬ ಸರ್ ಪದವಿಯವನು, ಎಲ್ಲರೂ ಒಂದೇ ಸೂರಿನಡಿ. ಇಂಥ ವಠಾರಗಳಲ್ಲಿ ಒಳ್ಳೆ ಬಾಡಿಗೆ ಸಿಗುತ್ತಿದ್ದದ್ದು ನಡುವಿನ ಮಹಡಿಗಳಿಗೆ. ತೀರಾ ಕೆಳಗೆ ಬೀದಿಯ ನಾತ (ಕೊಳೆನೀರನ್ನು ಕಿಟಕಿಯಿಂದಲೇ ಚೆಲ್ಲುತ್ತಿದ್ದ ಕಾಲ!), ತೀರಾ ಮೇಲೆ ಹತ್ತಿ ಹತ್ತಿ ಮಂಡಿ ನೋವು. ನೆಲಮಾಳಿಗೆ, ಅಟ್ಟ ಬಡವರ ಪಾಲು. ಇಡೀ ಬೀದಿಯ ಶ್ರೀಮಂತಿಕೆ, ಬಡತನವೆಲ್ಲ ಟಿಫಿನ್ ಕ್ಯಾರಿಯರ್‌ನಂತೆ ಒಂದರ ಮೇಲೊಂದು.

1767ರಲ್ಲಿ ಹಳೆಯ ಊರಿನ ಉತ್ತರಕ್ಕೆ ನ್ಯೂ ಟೌನ್ ಎಂಬ ಹೊಸ ಬಡಾವಣೆಯ ನಕ್ಷೆ ಸಿದ್ಧವಾಯಿತು. ಕೈಯಲ್ಲಿ ಕಾಸಿದ್ದವರು ಒಬ್ಬೊಬ್ಬರೇ ಅಲ್ಲಿಗೆ ಜಾಗ ಬದಲಿಸಿದರು. ಹಳೆಯ ಊರಿನ ಮನೆಗಳು ತುಂಡು ತುಂಡಾಗಿ, ಜನ ಕಿಕ್ಕಿರಿದು, ಕೆಡುತ್ತಾ ಹೋದವು. ಈ ಕಟ್ಟಡವನ್ನೂ ಕೆಡವುವುದರಲ್ಲಿದ್ದರು. 1934ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ಕೊಂಡು ಉಳಿಸಿತು. ಗ್ಲೆಡ್‌ಸ್ಟೇನ್ಸ್ ಕಾಲದ ನಂತರ ಬಂದ ಅಂಗಡಿಗಳ ಹಿಂದೆ ಮುಚ್ಚಿಹೋಗಿದ್ದ ಕಮಾನುಗಳನ್ನೂ ಬಿಡಿಸಿದರು. ಈ ಬೀದಿಯಲ್ಲಿ ಅಂಥ ಕಮಾನಿನ ಮುಖ ಬೇರೆ ಯಾವ ಮನೆಗೂ ಉಳಿದಿಲ್ಲ.

ನಿನ್ನ ಮನೆ ಪ್ಲ್ಯಾನ್ ಕಳಿಸು. ಕಿಟಕಿ ಎಲ್ಲೆಲ್ಲಿ ಇಡುತ್ತಿದ್ದೀಯ ಅಂತ ನೋಡಬೇಕು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಶ್ರೀಧರ