ಸುಮ್ಮನಿರುವ ಕೂಸು

ಪ್ರೀತಿಯ ಸೀನ,

ಫೋಟೋ ನೋಡಿದೆ ಕಣೋ. ಮೂಗು ಥೇಟ್ ನಿನ್ನದೇ, ಹಣೆ ಮಾತ್ರ ನಿಮ್ಮಮ್ಮಂದು. ಆದರೆ "ಪಾಪು ಅಳೋದೇ ಇಲ್ಲ, ಮಲಗೇ ಇರುತ್ತೆ" ಅಂತ ಕೆಳಗೆ ಬರೆದಿದ್ದೆಯಲ್ಲ, ಅದನ್ನ ಓದಿದ ಕೂಡಲೇ ಫೋನ್ ಮಾಡಿದೆ. ಹಾಲು ಚೆನ್ನಾಗಿ ಕುಡಿಯುತ್ತೆ ಅಂದೆ, ಜೀವ ತಣ್ಣಗಾಯ್ತು. ನನಗ್ಯಾಕೆ ಅಷ್ಟು ಗಾಬರಿಯಾಯ್ತು ಅಂತ ಮಾತ್ರ ಫೋನಲ್ಲಿ ಹೇಳೋಕಾಗಲಿಲ್ಲ.

ಮಗಳಿಗೆ ಆಗ 19 ದಿನ. ಬಾಣಂತನ ಅತ್ತೆಮನೆಯಲ್ಲಿ. ಶನಿವಾರ ನಾನು ಹೋದಾಗ "ಎಂಥ ಸಾಧು ಮಗು, ಅಮ್ಮನಿಗೆ ಒಂಚೂರೂ ಕಾಟ ಇಲ್ಲ" ಅಂತ ಮನೆಮಂದಿಯೆಲ್ಲ ಹೇಳಿದ್ದೇ ಹೇಳಿದ್ದು. ನಾನೂ ಹಿಗ್ಗಿದೆ. ಬೆಳಗಿನಿಂದ ಅವಳು ಹಾಲು ಕುಡಿದಿದ್ದು ಎರಡೇ ಸಲ. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ಕಣ್ಣು ಮುಚ್ಚೋಳು. ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆಯೂ ತಣ್ಣಗೆ. ಚಳಿ ಅಂದುಕೊಂಡು ಇನ್ನೊಂದು ದುಪ್ಪಟಿ ಹೊದಿಸಿದೆವು. ಬೆಳಗ್ಗೆ ನೋಡೋಣ ಅಂದರು ಹಿರಿಯರು. ರಾತ್ರಿ ಹನ್ನೊಂದಕ್ಕೆ ನನ್ನ ಹೆಂಡತಿಯೇ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದಳು. "ಹಾಲು ಬಿಟ್ಟಿದೆಯಾ? ಹಂಗಾದ್ರೆ ಈಗಲೇ ಹೊರಡಿ" ಅಂದರು ಆಯಮ್ಮ. 108 ಬಂತು. ರಕ್ತಕ್ಕೆ ಸೋಂಕು ಹತ್ತಿತ್ತು, ಹತ್ತು ದಿನ ಇಂಜೆಕ್ಷನ್ ಕೊಟ್ಟರು.

ಎಳೆ ಕೂಸಿಗೆ ಕಾಯಿಲೆ ಬಂದರೆ ಜ್ವರವೇ ಬರಬೇಕು, ಅಳಲೇಬೇಕು ಅಂತೇನಿಲ್ಲ ಸೀನ. ಸುಮ್ಮನಾಗಿಬಿಡುತ್ತೆ, ಮೈ ತಣ್ಣಗಾಗುತ್ತೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ದಿನಕ್ಕೆ ಎಂಟು ಸಲವಾದರೂ ಹಾಲು ಕುಡೀಬೇಕು, ಮಲಗಿದ್ದರೆ ಎಬ್ಬಿಸಿಯಾದರೂ ಕುಡಿಸಿ. ಉಸಿರು ನಿಮಿಷಕ್ಕೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸು, ಆಗಲೂ ಅಷ್ಟೇ ಬಂದರೆ, ಇಲ್ಲವೇ ಪಕ್ಕೆಯ ಕೆಳಗೆ ಗುಂಡಿ ಬೀಳೋ ಹಾಗೆ ಎಳೆದುಕೊಳ್ಳುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷದೊಳಗಿನ ಮಗುವಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, ಅದು ಗೊತ್ತಿಲ್ಲದೆ ಹಿಂದೆ ಮುಂದೆ ನೋಡುವವರು ಬಹಳ ಜನ.

ಆಸ್ಪತ್ರೆಯಲ್ಲಿ ಮಗಳು ಸ್ವಲ್ಪ ಚೇತರಿಸಿಕೊಂಡ ದಿನ ನರ್ಸಮ್ಮ ನನ್ನ ಅಂಗಿ ಬಿಚ್ಚಿಸಿ, ಬರೀ ಟೋಪಿ, ಲಂಗೋಟಿಯಲ್ಲಿದ್ದ ಅವಳನ್ನ ನನ್ನೆದೆಗೆ ಹಾಕಿ ಮೇಲೆ ಬಟ್ಟೆ ಕಟ್ಟಿದರು. ಕೆನ್ನೆ ನನ್ನ ಎದೆಗೂಡಿಗೆ ಅಂಟಿತ್ತು. ಬೆಚ್ಚನೆ ಉಸಿರು ತಾಕ್ತಾ ಇತ್ತು. ಸ್ವಲ್ಪ ಹೊತ್ತಿಗೆ ಅಂಗಾಲಿಗೂ ಬಿಸಿ ಬಂತು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ, ಕೂಸುಗಳನ್ನ ಬೆಚ್ಚಗಿಡೋ ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ್ದಂತೆ ಇದು. ಕಾಂಗರೂ ಆರೈಕೆ ಅಂತಾರೆ. ಶನಿವಾರ ಪಾಪು ನೋಡೋಕೆ ಹೋದಾಗ ನೀನೂ ಹಾಗೆ ಎತ್ತಿಕೋ. ಆದರೆ ನಿನಗೇ ನಿದ್ದೆ ಬರೋ ಹಾಗಾದರೆ ಮಗುವನ್ನ ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸು. ಮೆತ್ತನೆ ದಿಂಬು ಪಕ್ಕದಲ್ಲೂ ಬೇಡ.

ಎರೆಯೋ ಅಜ್ಜಿಯ ಜೊತೆ ಜಗಳಕ್ಕೆ ಹೋಗಬೇಡ. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುವಾಗ ಕೂಸು ಮೈ ಚಾಚೋದೇ ಒಂದು ಚಂದ. ಮೂಗಿಗೆ, ಕಿವಿಗೆ ಎಣ್ಣೆ ಬಿಡೋಕೆ ಬಂದರೆ ಮಾತ್ರ ತಡಿ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ವರ್ಷ ತುಂಬೋವರೆಗೆ ಜೇನು ಬೇಡ. ಆರು ತಿಂಗಳವರೆಗೆ ನೀರೂ ಬೇಡ, ಎದೆಹಾಲಲ್ಲೇ ಬೇಕಾದಷ್ಟಿದೆ. ಬಾಣಂತಿ ಕೋಣೆ ಬಾಗಿಲು ಹಾಕಿ ಕೆಂಡದ ಅಗ್ಗಿಷ್ಟಿಕೆ ಇಡೋದಂತೂ ಬೇಡವೇ ಬೇಡ, ಅದರ ವಿಷಗಾಳಿಗೆ ವಾಸನೆಯೇ ಇರಲ್ಲ. ದೃಷ್ಟಿಬೊಟ್ಟು ಅಂಗಾಲಿಗೆ ಇಡಲಿ, ಕಣ್ಣಿಗೆ ಕಾಡಿಗೆ ಬೇಡ.

ಆರನೇ ವಾರದ ಲಸಿಕೆ ದಿನ ರಜೆ ಹಾಕು, ತಾಯಿ ಕಾರ್ಡ್ ಮರೀಬೇಡ.

ಈ ಶನಿವಾರ ಪಾಪು ನಿದ್ದೆ ಹೋದ ಮೇಲೆ ಹೊಟ್ಟೆ ಏರಿ ಇಳಿಯೋದನ್ನ ನೋಡ್ತಾ ಒಂದು ನಿಮಿಷ ಪೂರ್ತಿ ಎಣಿಸು. ನಡುವೆ ಕ್ಷಣ ನಿಂತು ಮತ್ತೆ ಶುರುವಾಗುತ್ತೆ, ಎಳೆ ಮಕ್ಕಳ ಉಸಿರೇ ಹಾಗೆ. ಎಷ್ಟು ಬಂತು ಅಂತ ನನಗೆ ಬರಿ.

ನಿನ್ನ,
ಗೆಳೆಯ